ಪಟ್ಟಿಯ ಕೆಳಗಿನ ಸಾಲು

ಒಂದು ಅಣೆಕಟ್ಟಿನ ಕಚೇರಿಯಲ್ಲಿ ಈರಬಸಪ್ಪ ಎಂಬ ಗುಮಾಸ್ತನಿದ್ದ. ಅಣೆಕಟ್ಟಿನ ಪಕ್ಕದ ಕ್ಯಾಂಪಿನಲ್ಲೇ ಅವನ ಮನೆ.

ಕ್ಯಾಂಪು ಎಂದರೆ ಗುಡಾರವಲ್ಲ. ಅಣೆಕಟ್ಟು ಕಟ್ಟುವ ಕಾಲದಲ್ಲಿ ಕೆಲಸಗಾರರಿಗೆಂದು ಸರ್ಕಾರ ಕಟ್ಟಿಸಿದ ಮನೆಗಳ ಸಾಲು. ಆಗ ಅಲ್ಲಿ ಇನ್ನೂರ ನಲವತ್ತು ಸಂಸಾರಗಳಿದ್ದವಂತೆ. ಶಾಲೆಯಿತ್ತು, ಅಂಚೆ ಕಚೇರಿಯಿತ್ತು, ಶನಿವಾರ ಸಂಜೆ ಸಿನಿಮಾ ತೋರಿಸಲು ಸುಣ್ಣ ಬಳಿದ ದೊಡ್ಡ ಗೋಡೆಯಿತ್ತು. ಅಣೆಕಟ್ಟು ಮುಗಿಯಿತು, ಜನ ಗಂಟುಮೂಟೆ ಕಟ್ಟಿಕೊಂಡು ಹೋದರು. ಈಗ ದೀಪ ಹತ್ತುವ ಮನೆಗಳು ಒಂಬತ್ತು. ಮಿಕ್ಕವುಗಳ ಬಾಗಿಲು ಕಿಟಕಿಗಳನ್ನು ಯಾರು ಯಾರೋ ಕಿತ್ತೊಯ್ದಿದ್ದಾರೆ. ಆ ಒಂಬತ್ತರಲ್ಲಿ ಕೊನೆಯದು ಈರಬಸಪ್ಪನದು. ಅವನಿಗೆ ಐವತ್ತೆರಡು ವರ್ಷ ವಯಸ್ಸು. ಮದುವೆ ಆಗಬೇಕಾದ ಕಾಲದಲ್ಲಿ ಆಗಲಿಲ್ಲ. ಆಮೇಲೆ ಯಾಕೆ ಆಗಲಿಲ್ಲ ಎಂದು ಕೇಳುವವರೂ ಇರಲಿಲ್ಲ.

ಅವನ ಕೆಲಸ ಕೇಳಿದರೆ ನಿಮಗೆ ಆಕಳಿಕೆ ಬಂದೀತು. ಆದರೂ ಹೇಳುತ್ತೇನೆ, ಕಥೆ ನಿಂತಿರುವುದೇ ಅದರ ಮೇಲೆ. ಅಣೆಕಟ್ಟಿನಲ್ಲಿ ನೀರು ಎಷ್ಟಿದೆ, ಒಳಗೆ ಎಷ್ಟು ಬಂತು, ಹೊರಗೆ ಎಷ್ಟು ಹೋಯಿತು ಎಂಬ ಮೂರು ಲೆಕ್ಕಗಳನ್ನು ಗಂಟೆಗೊಮ್ಮೆ ಕಂಪ್ಯೂಟರಿನಲ್ಲಿ ತುಂಬಿಸುತ್ತಿದ್ದರು. ಒಂದೊಂದಕ್ಕೆ ಒಂದೊಂದು ಪಟ್ಟಿ. ಬೆಳಿಗ್ಗೆ ಆರಕ್ಕೆ ಈರಬಸಪ್ಪ ಆ ಮೂರು ಪಟ್ಟಿಗಳನ್ನು ಹೊರಗೆ ತೆಗೆದು, ಒಂದರ ಕೆಳಗೊಂದು ಜೋಡಿಸಿ, ಬರೀ ಅಕ್ಷರ ಅಂಕಿಗಳ ಒಂದು ಟೆಕ್ಸ್ಟ್ ಫೈಲು ಮಾಡಿ, ಹೊಳೆಯ ಕೆಳಗಿನ ಹದಿನಾಲ್ಕು ಪಂಚಾಯ್ತಿಗಳಿಗೆ ಕಳಿಸಬೇಕು. ಅಲ್ಲಿನ ಕಂಪ್ಯೂಟರುಗಳು ಹಳೆಯವು, ನೆಟ್ಟು ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಅವು ತಡೆದುಕೊಳ್ಳುತ್ತಿದ್ದದ್ದು ಇಂಥ ಹಗುರ ಫೈಲನ್ನು ಮಾತ್ರ. ಒಂದೊಂದು ಊರಿಗೂ ಬೇರೆ ಬೇರೆ ಕಳಿಸಬೇಕು. ಅದೇ ಗುಂಡಿ, ಅದೇ ಸಾಲು, ಅದೇ ಕಾಯುವುದು. ಒಂದೂಕಾಲು ಗಂಟೆ ಹಿಡಿಯುತ್ತಿತ್ತು. ಒಂಬತ್ತು ವರ್ಷ ಹೀಗೆ ನಡೆಯಿತು.

ಈ ಕೆಲಸದಲ್ಲಿ ಯಾರೂ ಹೇಳದ ಒಂದು ಕೆಲಸವನ್ನು ಅವನು ತಾನಾಗಿಯೇ ಸೇರಿಸಿಕೊಂಡಿದ್ದ. ಪಟ್ಟಿಯಲ್ಲಿ ಇರುವುದು ಆಗಿಹೋದ ಲೆಕ್ಕ. ನಿನ್ನೆ ಎಷ್ಟು ಕ್ಯೂಸೆಕ್ಸ್ ನೀರು ಹೋಯಿತು ಎಂದು ತಿಳಿದು ಎಮ್ಮೆ ಕಾಯುವವನು ಏನು ಮಾಡಬೇಕು? ಅವನಿಗೆ ಬೇಕಾದದ್ದು ಇವತ್ತಿನ ಮಾತು. ಗೇಟು ತೆಗೆಯುವ ಮಾತು ಹಿಂದಿನ ದಿನ ಸಂಜೆಯೇ ಕಚೇರಿಯ ಚಹಾದ ಹೊತ್ತಿಗೆ ಬರುತ್ತಿತ್ತು. ಅದು ಯಾವ ಪಟ್ಟಿಯಲ್ಲೂ ಇರುತ್ತಿರಲಿಲ್ಲ. ಅಂಥ ದಿನ ಈರಬಸಪ್ಪ ಫೈಲಿನ ತೀರಾ ಕೆಳಗೆ ತನ್ನ ಮಾತಿನಲ್ಲಿ ಒಂದು ಸಾಲು ಬರೆಯುತ್ತಿದ್ದ.

“ಇವತ್ತು ಒಂಬತ್ತಕ್ಕೆ ಒಂದು ಗೇಟು ತೆಗೀತಾರ. ಎಮ್ಮಿ ಹೊಳಿಗೆ ಬಿಡಬ್ಯಾಡ್ರಿ.”

“ಮಧ್ಯಾಹ್ನದ ಮ್ಯಾಲ ನೀರು ಏರ್ತದ. ಅರಬಿ ಒಗಿಯೋರು ಮುಂಜಾನೆನ ಒಗಕೋರಿ.”

ಹೇಳುವುದಿಲ್ಲದ ದಿನ ಬರೆಯುತ್ತಿರಲಿಲ್ಲ. ಮೇಲಿನವರು ಆ ಸಾಲನ್ನು ನೋಡಿದವರಲ್ಲ, ಅವರಿಗೆ ಹೋಗುತ್ತಿದ್ದ ಪ್ರತಿ ಬೇರೆ. ಮನೆಯಿಂದ ಕಚೇರಿಗೆ ನಡೆದು ಬರುವ ದಾರಿಯಲ್ಲಿ ಆ ಸಾಲನ್ನು ಬಾಯಲ್ಲೇ ಕಟ್ಟಿಕೊಂಡು ಬರುತ್ತಿದ್ದ. ಒಂದು ಮಾತು ಸರಿ ಕಾಣದಿದ್ದರೆ ರಸ್ತೆಯಲ್ಲೇ ನಿಂತು ಬದಲಾಯಿಸುತ್ತಿದ್ದ. ಎಷ್ಟೋ ದಿನ ಅವನು ಮನಸ್ಸಿಟ್ಟು ಆಡಿದ ಮಾತು ಅದೊಂದೇ ಆಗಿರುತ್ತಿತ್ತು.

ಒಂಬತ್ತು ವರ್ಷದಲ್ಲಿ ಆ ಸಾಲಿಗೆ ಒಂದೇ ಒಂದು ಉತ್ತರ ಬರಲಿಲ್ಲ. ಮುಟ್ಟಿತು ಎಂದಿಲ್ಲ, ಒಳ್ಳೆಯದಾಯಿತು ಎಂದಿಲ್ಲ, ಇದನ್ನೆಲ್ಲ ಯಾಕೆ ಬರೆಯುತ್ತೀ ಎಂದು ಬೈದದ್ದೂ ಇಲ್ಲ. ಮೊದಮೊದಲು ಅವನು ಸಂಜೆ ಮನೆಗೆ ಹೋಗುವ ಮುಂಚೆ ಒಮ್ಮೆ ತೆರೆದು ನೋಡುತ್ತಿದ್ದ. ಆಮೇಲೆ ವಾರಕ್ಕೊಮ್ಮೆ. ಆಮೇಲೆ ನೋಡುವುದನ್ನೇ ಬಿಟ್ಟ. ಬರೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಹೀಗಿರುವಾಗ ಆ ಕಚೇರಿಗೆ ಮೆಹಜಬೀನ್ ಎಂಬ ಹೊಸ ಎಂಜಿನಿಯರ್ ಬಂದಳು. ಚುರುಕು ಹುಡುಗಿ, ಮನಸ್ಸೂ ಒಳ್ಳೆಯದು. ಒಂದು ಬೆಳಿಗ್ಗೆ ಬೇಗ ಬಂದವಳು ಈರಬಸಪ್ಪ ಗುಂಡಿ ಒತ್ತುತ್ತ ಕೂತದ್ದನ್ನು ನೋಡಿದಳು. ಅರ್ಧ ಗಂಟೆ ಬಿಟ್ಟು ಬಂದರೂ ಅದೇ ಗುಂಡಿ ಒತ್ತುತ್ತಿದ್ದ.

“ದಿನಾ ಇದನ್ನ ಮಾಡ್ತೀರೇನ್ರಿ ಈರಬಸಪ್ಪನವರ?”

“ದಿನಾ ರೀ ಮೇಡಂ.”

“ಅಯ್ಯ, ಇದನ್ನ ಕಂಪ್ಯೂಟರ್ ತಾನ ಮಾಡ್ಕೋತದ. ಒಮ್ಮೆ ಹೇಳಿಕೊಟ್ರ ಸಾಕು. ಆರು ಆದಕೂಡ್ಲೆ ಪಟ್ಟಿ ತಗೀತದ, ಜೋಡಸ್ತದ, ಹದಿನಾಲ್ಕೂ ಕಡೆ ಕಳಸ್ತದ. ನೀವು ಆರಾಮ ಎಂಟಕ್ಕ ಬರ್ರಿ.”

ಅವಳು ಎರಡು ಮಧ್ಯಾಹ್ನ ಕೂತು ಅದಕ್ಕೊಂದು ಪ್ರೋಗ್ರಾಂ ಬರೆದಳು. ಮುಗಿಸುವ ಮುಂಚೆ, ಕೆಲಸ ಬಲ್ಲವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಳು.

“ಈ ಮೂರು ಪಟ್ಟಿ ಬಿಟ್ಟು ಬ್ಯಾರೆ ಏನರ ಹೋಗ್ತದೇನ್ರಿ ಇದರಾಗ?”

ಈರಬಸಪ್ಪನ ಬಾಯಿಗೆ ಬಂದಿತ್ತು. ಆದರೆ ನಾಚಿಕೆಯಾಯಿತು. ಒಂಬತ್ತು ವರ್ಷ ಗೋಡೆಯ ಜೊತೆ ಮಾತಾಡಿದೆ ಎಂದು ಈ ಹುಡುಗಿಯ ಮುಂದೆ ಹೇಗೆ ಹೇಳುವುದು? ಅವಳು ನಕ್ಕರೆ? ನಗದೆ ಅಯ್ಯೋ ಪಾಪ ಎಂದರೆ ಇನ್ನೂ ಕಷ್ಟ.

“ಏನಿಲ್ರಿ ಮೇಡಂ,” ಎಂದ. “ಅಷ್ಟ.”

ಅವಳು ನಂಬಿದಳು. ನಂಬದೆ ಇರಲು ಅವಳಿಗೆ ಕಾರಣವಿರಲಿಲ್ಲ.

ಮರುದಿನದಿಂದ ಪ್ರೋಗ್ರಾಂ ಕೆಲಸ ಶುರುಮಾಡಿತು. ಆರು ಗಂಟೆಗೆ ಸರಿಯಾಗಿ ಪರದೆಯ ಮೇಲೆ ‘ಕಳಿಸಲಾಗಿದೆ: 14’ ಎಂದು ಬರುತ್ತಿತ್ತು. ಒಂದೂಕಾಲು ಗಂಟೆಯ ಕೆಲಸ ಒಂದೂಕಾಲು ನಿಮಿಷ ಹಿಡಿಯಲಿಲ್ಲ, ಒಂದು ಅಂಕಿ ತಪ್ಪಲಿಲ್ಲ. ದೊಡ್ಡ ಸಾಹೇಬರು ಮೇಡಂ ಅವರನ್ನು ಹೊಗಳಿದರು. ಮೇಡಂ ಈರಬಸಪ್ಪನವರೂ ಜೊತೆಗಿದ್ದರು ಎಂದು ದೊಡ್ಡ ಮನಸ್ಸಿನಿಂದ ಹೇಳಿದಳು.

ಈರಬಸಪ್ಪನಿಗೆ ಮಾತ್ರ ಐದಕ್ಕೆ ಎಚ್ಚರವಾಗುವುದು ತಪ್ಪಲಿಲ್ಲ. ಎದ್ದು ಏನು ಮಾಡುವುದು? ಸ್ನಾನ ಮಾಡಿ, ಚಹಾ ಕಾಸಿಕೊಂಡು, ಬೇರೆಲ್ಲೂ ಹೋಗಲು ತೋಚದೆ ಕಚೇರಿಗೇ ಬರುತ್ತಿದ್ದ. ಪರದೆಯ ಮುಂದೆ ಕೈ ಕಟ್ಟಿಕೊಂಡು ಕೂತು, ಆ ಹದಿನಾಲ್ಕು ಬರುವುದನ್ನು ನೋಡುತ್ತಿದ್ದ. ಒಂದು ಭಾನುವಾರ ಸಂಜೆ ಬೆಂಕಿಪೊಟ್ಟಣಕ್ಕೆಂದು ಅಂಗಡಿಗೆ ಹೋದ. ಬಾಯಿ ತೆರೆದರೆ ಗಂಟಲು ಕಟ್ಟಿತ್ತು, ಸ್ವರವೇ ಹೊರಡಲಿಲ್ಲ. ನೆಗಡಿಯೇನೋ ಎಂದುಕೊಂಡ. ದಾರಿಯಲ್ಲಿ ಲೆಕ್ಕ ಹಾಕಿದರೆ, ಶುಕ್ರವಾರ ಸಂಜೆಯಿಂದ ಅವನು ಯಾರ ಹತ್ತಿರವೂ ಮಾತಾಡಿರಲಿಲ್ಲ. ಅವತ್ತು ಮನೆಗೆ ಬಂದು ದೀಪ ಹಾಕದೆ ಬಹಳ ಹೊತ್ತು ಕೂತಿದ್ದ. ತಾನಿಲ್ಲದಿದ್ದರೂ ಎಲ್ಲವೂ ನಡೆಯುತ್ತದೆ ಎಂಬ ಮಾತು ಎದೆಯಲ್ಲಿ ಕೂತುಬಿಟ್ಟಿತ್ತು.

ಒಂದೂವರೆ ತಿಂಗಳು ಹೀಗೆ ಹೋಯಿತು. ಬೇಸಿಗೆ ಬಲಿಯಿತು. ಗೇಟು ತೆಗೆಯುವ ಪ್ರಸಂಗವೇ ಬರಲಿಲ್ಲವಾದ್ದರಿಂದ ಆ ಸಾಲು ಇಲ್ಲದ್ದು ಯಾರಿಗೂ ಗೊತ್ತಾಗಲಿಲ್ಲ.

ಏಪ್ರಿಲ್ ತಿಂಗಳ ಒಂದು ಸಂಜೆ ಚಹಾದ ಹೊತ್ತಿಗೆ ಮಾತು ಬಂತು. ಕೆಳಗಿನ ಪಟ್ಟಣಕ್ಕೆ ಕುಡಿಯುವ ನೀರಿಲ್ಲ, ನಾಳೆ ಬೆಳಿಗ್ಗೆ ಎಂಟಕ್ಕೆ ಎರಡು ಗೇಟು ತೆಗೆಯಬೇಕು. ಮಳೆಗಾಲದ ಪ್ರವಾಹವಾಗಿದ್ದರೆ ಡಂಗುರ, ಸೈರನ್ನು ಎಲ್ಲ ಇರುತ್ತಿತ್ತು. ಬೇಸಿಗೆಯ ಈ ನೀರಿಗೆ ತಾಲ್ಲೂಕು ಕಚೇರಿಗೆ ಒಂದು ಪತ್ರ, ಅಷ್ಟೇ. ಸರ್ಕಾರಿ ಪತ್ರ ಯಾವ ವೇಗದಲ್ಲಿ ನಡೆಯುತ್ತದೆ ಎಂದು ನಿಮಗೂ ಗೊತ್ತು. ನೀರು ಅದಕ್ಕಿಂತ ಬೇಗ ನಡೆಯುತ್ತದೆ.

ಮನೆಗೆ ನಡೆದು ಹೋಗುವಾಗ ಈರಬಸಪ್ಪನ ಬಾಯಲ್ಲಿ ಸಾಲು ತಾನಾಗಿಯೇ ಕಟ್ಟಿಕೊಂಡಿತು. “ಇವತ್ತು ಎಂಟಕ್ಕ ಎರಡು ಗೇಟು. ಹೊಳಿ ಒಳಗಿದ್ದೋರು ಮ್ಯಾಲ ಬರ್ರಿ.” ಒಂದಕ್ಷರ ಬದಲಾಯಿಸುವ ಹಾಗಿರಲಿಲ್ಲ.

ಬೆಳಿಗ್ಗೆ ಐದೂ ಮುಕ್ಕಾಲಿಗೆ ಅವನು ಪರದೆಯ ಮುಂದಿದ್ದ. ಇನ್ನೂ ಹದಿನೈದು ನಿಮಿಷವಿತ್ತು. ಪ್ರೋಗ್ರಾಂ ಕಳಿಸುವುದನ್ನು ಕಳಿಸಲಿ, ತಾನು ಹಿಂದಿನಿಂದ ಇನ್ನೊಂದು ಫೈಲು ಕಳಿಸಬಹುದಿತ್ತು. ಹೇಗೆ ಎಂದು ಅವನಿಗೆ ಗೊತ್ತಿತ್ತು. ಕೈ ಮುಂದೆ ಹೋಯಿತು. ಆಗ ಒಂಬತ್ತು ವರ್ಷದ ಸಿಟ್ಟೆಲ್ಲ ಒಟ್ಟಿಗೆ ಎದ್ದು ಬಂತು. ಯಾರಿಗೆ ಬೇಕಾಗಿದೆ? ಓದುವವರಿದ್ದರೆ ಇಷ್ಟು ವರ್ಷದಲ್ಲಿ ಒಬ್ಬರಾದರೂ, ಏನಯ್ಯಾ ಸತ್ತೆಯಾ ಬದುಕಿದೆಯಾ ಎಂದು ಕೇಳುತ್ತಿರಲಿಲ್ಲವೇ? ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಆರು ಹೊಡೆಯಿತು. ‘ಕಳಿಸಲಾಗಿದೆ: 14’ ಎಂದು ಬಂತು. ಆ ಫೈಲಿನಲ್ಲಿ ಹೊರಗೆ ಹೋದ ನೀರು ಸೊನ್ನೆ ಎಂದಿತ್ತು. ಆರು ಗಂಟೆಗೆ ಅದು ನಿಜವೇ. ಎಂಟಕ್ಕೆ ಗೇಟು ತೆಗೆದರು.

ಐದನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಚೇರಿಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಐವತ್ತರ ಆಸುಪಾಸು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟಿದ್ದಳು. ಕಂಕುಳಲ್ಲಿ ಬಟ್ಟೆಯ ಗಂಟೊಂದಿತ್ತು. ಒಳಗೆ ಈರಬಸಪ್ಪನೊಬ್ಬನೇ ಇದ್ದ.

“ಸಾಹೇಬ್ರ, ಇಲ್ಲಿ ಹೊಳಿ ಪಟ್ಟಿ ಬರಿಯೋರು ಒಬ್ರು ಇದ್ರಲ್ರಿ. ಅವ್ರ ಮನಿ ಎಲ್ಲಿ ಬರ್ತದ?”

“ಯಾಕ ಯಕ್ಕಾ?”

“ನಾ ಹೊಳೆಮಟ್ಟಿ ತಾಯಮ್ಮ ಅಂತ ರೀ. ಮನಿಯಾಗ ಯಾರರ ಇದ್ರ ಮಾತಾಡ್ಸಿ ಹೋಗೋಣಂತ ಬಂದೆ. ಅವ್ರು ತೀರ್ಕೊಂಡಿದ್ದು ನಮಗ ಗೊತ್ತಾಗ್ಲೇ ಇಲ್ಲ.”

ಈರಬಸಪ್ಪ ಕಣ್ಣು ಕಣ್ಣು ಬಿಟ್ಟ. ಅವಳ ಗಂಟಿನ ಕಡೆ ನೋಡಿದ. ರೊಟ್ಟಿಯ ಗಂಟು. ಆ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಮಾತಾಡಿಸಲು ಬರುವವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಆ ಬುತ್ತಿ ಅವನ ಸಾವಿಗೆ ಬಂದದ್ದು.

“ತೀರ್ಕೊಂಡಾರಂತ ಯಾರು ಹೇಳಿದ್ರು ನಿಮಗ?” ಎಂದ.

“ಯಾರ್ ಹೇಳ್ಬೇಕ್ರಿ, ನೀರು ಹೇಳ್ತು. ಒಂಬತ್ತು ವರ್ಷದಾಗ ಆ ಮನುಷ್ಯಾ ಹೇಳದ ನೀರು ಬಂದಿಲ್ಲ. ಮೊನ್ನೆ ಬಂತು. ಅಂದಮ್ಯಾಲ ಆ ಮನುಷ್ಯಾ ಇಲ್ಲ ಅಂತ ಊರಿಗೂರ ತಿಳ್ಕೊಂಡ್ವಿ.”

ಅವನು ಕುರ್ಚಿ ಎಳೆದು ಕೊಟ್ಟ. ಅವಳು ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು. ಕೂತು ಎಲ್ಲವನ್ನೂ ಹೇಳಿದಳು. ಬೆಳಿಗ್ಗೆ ಏಳೂವರೆಗೆ ಪಂಚಾಯ್ತಿಯ ಜವಾನ ಫೈಲು ತೆರೆಯುತ್ತಾನೆ. ಮೇಲಿನ ಅಂಕಿಗಳನ್ನು ಅವನೂ ಓದುವುದಿಲ್ಲ, ಬೇರೆಯವರೂ ಕೇಳುವುದಿಲ್ಲ. ನೇರ ಕೆಳಕ್ಕೆ ಹೋಗಿ, ಅಲ್ಲಿ ಸಾಲಿದ್ದರೆ ಮೈಕಿನಲ್ಲಿ ಓದುತ್ತಾನೆ. ಹೊಳೆಮಟ್ಟಿಯಲ್ಲಷ್ಟೇ ಅಲ್ಲ, ದಂಡೆಯ ಅಷ್ಟೂ ಊರಿನಲ್ಲಿ ಹಾಗೆಯೇ. ಮೈಕು ಸುಮ್ಮನಿದ್ದರೆ ಹೊಳೆಗೆ ಇಳಿಯಬಹುದು ಎಂದು ಅರ್ಥ. ಅವಳ ಅಣ್ಣ ಜಂಬಣ್ಣ ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ಕಲ್ಲಂಗಡಿ ಹಾಕುತ್ತಾನೆ, ಅಲ್ಲೇ ಗುಡಿಸಲು ಕಟ್ಟಿಕೊಂಡು ಕಾಯುತ್ತಾನೆ. ಆ ದಿನ ಮೈಕು ಸುಮ್ಮನಿತ್ತು.

“ಉಂಡು ಅಡ್ಡಾಗಿದ್ದ ರೀ. ಒಂದು ಗಂಟೆ ಸುಮಾರು ನೀರು ಬಂತು. ಬಳ್ಳಿ, ಕಾಯಿ, ಗುಡಿಸ್ಲು ಎಲ್ಲಾ ಹೋತು. ನೀರೆತ್ತೋ ಪಂಪಿನ ಪೈಪು ಸಿಕ್ತು, ಅದನ್ನ ಅವುಚ್ಕೊಂಡ. ಮ್ಯಾಲಿಂದ ಒಂದು ದಿಮ್ಮಿ ಬಂದು ಕಾಲಿಗೆ ಬಡೀತು. ನಾಕು ತಾಸು ಮುರದ ಕಾಲಿನ್ಯಾಗ ಜೋತಾಡ್ಕೊಂತ ಇದ್ದ. ಸಂಜೀಕ ಹುಡುಗ್ರು ಹಗ್ಗಾ ಒಗದು ಎಳ್ಕೊಂಡ್ರು.”

“ಈಗ ಹ್ಯಾಂಗದಾರ?”

“ದವಾಖಾನ್ಯಾಗ ಅದಾನ. ಜೀವ ಉಳಿತು, ಕಾಲು ಮೊದಲಿನಂಗ ಆಗಂಗಿಲ್ಲ ಅಂದ್ರು ಡಾಕ್ಟ್ರು. ಮಾತಾಡಾಕ ಬಂದ ಕೂಡ್ಲೆ ಅವ ಏನಂದ ಗೊತ್ತೇನ್ರಿ? ತಂಗಿ, ನನ್ನ ಕಾಲು ಇರ್ಲಿ, ಆ ಮನುಷ್ಯಾಗ ಏನಾತು ನೋಡ್ಕೊಂಡು ಬಾ. ಮನಿಯಾಗ ಹೆಂಡ್ರು ಮಕ್ಳು ಇದ್ರ ನಮ್ಮ ಪರವಾಗಿ ಒಂದು ಮಾತು ಹೇಳು ಅಂದ. ಅದಕ್ಕ ಮೂರು ಬಸ್ ಹಿಡದು ಬಂದೆ.”

ಈರಬಸಪ್ಪನಿಗೆ ಆಗ ತಿಳಿಯಿತು. ತಾನು ಗೋಡೆಯ ಜೊತೆ ಮಾತಾಡುತ್ತಿದ್ದೇನೆ ಎಂದುಕೊಂಡ ಒಂಬತ್ತು ವರ್ಷವೂ, ತನ್ನ ಮಾತನ್ನು ಹದಿನಾಲ್ಕು ಊರುಗಳಲ್ಲಿ ಮೈಕಿನಲ್ಲಿ ಓದುತ್ತಿದ್ದರು. ಜನ ಅದನ್ನು ಕೇಳಿ ಎಮ್ಮೆ ಕಟ್ಟುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಮಕ್ಕಳನ್ನು ಹೊಳೆಯಿಂದ ಕರೆಯುತ್ತಿದ್ದರು. ಅವನಿಗೆ ಮೊದಲು ಬಂದದ್ದು ಸಂತೋಷ. ಅದು ಬಂದ ಗಳಿಗೆಯಲ್ಲೇ ಅವನಿಗೆ ತನ್ನ ಮೇಲೆ ಅಸಹ್ಯವೂ ಆಯಿತು.

“ಹಂಗಾದ್ರ ಇಷ್ಟು ವರ್ಷದಾಗ ಒಬ್ರರ ಒಂದು ಉತ್ರ ಯಾಕ ಬರಿಲಿಲ್ಲ ಯಕ್ಕಾ?”

ತಾಯಮ್ಮ ಅವನನ್ನು ವಿಚಿತ್ರವಾಗಿ ನೋಡಿದಳು. “ಸರ್ಕಾರಕ್ಕ ಯಾರರ ಉತ್ರ ಬರೀತಾರೇನ್ರಿ? ನಾವೇನರ ಬರಿಯೋದು, ಅದು ಮ್ಯಾಲಿನವ್ರ ಕಣ್ಣಿಗೆ ಬೀಳೋದು, ಆ ಮನುಷ್ಯಾಗ ತ್ರಾಸ ಆಗೋದು, ಯಾಕ ಬೇಕು? ಬರೀತಾನಲ್ಲ, ಬರೀಲಿ ಅಂತ ಸುಮ್ಮನಿದ್ವಿ.”

ಸುಳ್ಳು ಹೇಳುವುದು ಈಗ ಬಹಳ ಸುಲಭವಿತ್ತು. ಹೌದು ಯಕ್ಕಾ, ಆ ಮನುಷ್ಯ ಹೋಗಿಬಿಟ್ಟ ಎಂದರೆ ಮುಗಿಯುತ್ತಿತ್ತು. ಅವಳು ನಾಲ್ಕು ಹನಿ ಕಣ್ಣೀರು ಹಾಕಿ ಹೋಗುತ್ತಿದ್ದಳು, ಹದಿನಾಲ್ಕು ಊರಲ್ಲಿ ಅವನ ಹೆಸರು ಒಳ್ಳೆಯದಾಗಿ ಉಳಿಯುತ್ತಿತ್ತು. ಈರಬಸಪ್ಪ ಎದ್ದು ನಿಂತ. ಕುರ್ಚಿಯ ಬೆನ್ನು ಹಿಡಿದುಕೊಂಡ.

“ಆ ಮನುಷ್ಯಾ ನಾನ ಯಕ್ಕಾ. ಸತ್ತಿಲ್ಲ.”

ತಾಯಮ್ಮನ ಮುಖ ಅರಳಿತು. ಎರಡೂ ಕೈ ಎತ್ತಿ ಮುಗಿಯಲು ಹೋದಳು. ಹೋದವಳು ಅರ್ಧಕ್ಕೇ ನಿಲ್ಲಿಸಿದಳು.

“ಅವತ್ತು ಆರಾಮಿರ್ಲಿಲ್ಲೇನ್ರಿ?”

“ಆರಾಮಿದ್ದೆ.”

“ನೀರು ಬಿಡೋದು ಗೊತ್ತಿರ್ಲಿಲ್ಲೇನು?”

“ಗೊತ್ತಿತ್ತು. ಇದ ಕುರ್ಚಿ ಮ್ಯಾಲ ಕುಂತಿದ್ದೆ. ಯಾರೂ ಓದಂಗಿಲ್ಲ ಅಂತ ಸಿಟ್ಟಿಗೆದ್ದು ಬರಿಲಿಲ್ಲ.”

ತಾಯಮ್ಮ ಎತ್ತಿದ ಕೈಗಳನ್ನು ಮಡಿಲಿಗೆ ಇಳಿಸಿದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ.

“ಸತ್ತಿದ್ರ ಅತ್ತು ಹೋಗ್ತಿದ್ದೆ,” ಎಂದಳು. “ಈಗ ಏನ್ ಮಾಡ್ಲಿ ನಾ?”

ಅವಳು ಎದ್ದು ಸೆರಗು ಹೊದ್ದುಕೊಂಡಳು. ಗಂಟನ್ನು ಎತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ಬಂದು, ಅದನ್ನು ಅವನ ಮೇಜಿನ ಮೇಲಿಟ್ಟಳು.

“ಸಾವಿಗೆ ಕಟ್ಟಿದ ಬುತ್ತಿ ತಿರುಗಿ ಮನಿಗೆ ಒಯ್ಯಂಗಿಲ್ರಿ ನಮ್ಮ ಕಡೆ,” ಎಂದು ಹೇಳಿ ಹೋದಳು.

ಮಧ್ಯಾಹ್ನ ಈರಬಸಪ್ಪ ಗಂಟು ಬಿಚ್ಚಿದ. ಆರು ಜೋಳದ ರೊಟ್ಟಿ, ಪುಂಡಿಪಲ್ಲೆ, ಮಡಚಿದ ಕಾಗದದಲ್ಲಿ ಶೇಂಗಾ ಚಟ್ನಿ. ಇಡೀ ಮನೆಗೆ ಸಾಕಾಗಲೆಂದು ಕಟ್ಟಿದ್ದಳು. ಅವನು ಒಬ್ಬನೇ ಕೂತು, ತನ್ನ ಸಾವಿಗೆ ಬಂದ ರೊಟ್ಟಿಯನ್ನು ತಾನೇ ತಿಂದ. ಎರಡನೆಯ ರೊಟ್ಟಿಗೆ ಅಳು ಬಂತು. ಅವನು ಒರೆಸಿಕೊಳ್ಳಲೂ ಇಲ್ಲ.

ಕೈ ತೊಳೆದುಕೊಂಡು ನೇರ ಮೆಹಜಬೀನ್ ಮೇಡಂ ಕೋಣೆಗೆ ಹೋದ. ಹೋಗಿ ಎಲ್ಲವನ್ನೂ ಹೇಳಿದ. ಅವಳು ನಗಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ.

“ನಾ ಕೇಳ್ದಾಗ ಒಂದು ಮಾತು ಹೇಳಿದ್ರ ಇದು ಹತ್ತು ನಿಮಿಷದ ಕೆಲಸ ಇತ್ರಿ,” ಎಂದಳು. ಅದೊಂದೇ ಮಾತು ಅವನಿಗೆ ಸಾಕಾಗಿತ್ತು.

ಹತ್ತೇ ನಿಮಿಷ ಹಿಡಿಯಿತು. ಈಗ ಪ್ರೋಗ್ರಾಂ ಮೂರು ಪಟ್ಟಿಗಳನ್ನು ತಾನೇ ತೆಗೆಯುತ್ತದೆ, ತಾನೇ ಜೋಡಿಸುತ್ತದೆ. ಆಮೇಲೆ ನಿಂತು ‘ಇವತ್ತು ಹೇಳುವುದೇನಾದರೂ ಇದೆಯೇ?’ ಎಂದು ಕೇಳುತ್ತದೆ. ಮನುಷ್ಯನೊಬ್ಬ ಉತ್ತರ ಕೊಡುವವರೆಗೆ ಫೈಲು ಹೊರಗೆ ಹೋಗುವುದಿಲ್ಲ.

ಮರುದಿನ ಬೆಳಿಗ್ಗೆ ಅದು ಕೇಳಿತು. ಈರಬಸಪ್ಪ ಬರೆದ:

“ಮೊನ್ನೆ ನೀರು ಬಿಡೋದು ನನಗ ಗೊತ್ತಿತ್ತು. ಬರಿಲಿಲ್ಲ. ತಪ್ಪು ನಂದು. ಇನ್ನ ಬರೀತೀನಿ. ಅಣೆಕಟ್ಟಿನ ಗುಮಾಸ್ತ ಈರಬಸಪ್ಪ.”

ಒಂಬತ್ತು ವರ್ಷದಲ್ಲಿ ಅವನು ತನ್ನ ಹೆಸರು ಬರೆದದ್ದು ಅದೇ ಮೊದಲು. ಹೊಳೆಮಟ್ಟಿಯಲ್ಲಿ ಜವಾನ ಆ ಸಾಲನ್ನು ಮೈಕಿನಲ್ಲಿ ಎರಡು ಸಲ ಓದಿದ. ಕೆಲವರು ಬೈದರು. ಆ ವಾರವೇ ಜಂಬಣ್ಣನನ್ನು ಮನೆಗೆ ಕರೆದುಕೊಂಡು ಬಂದರು. ಕಟ್ಟೆಯ ಮೇಲೆ ಕಾಲು ಚಾಚಿ ಕೂತವನಿಗೆ ತಾಯಮ್ಮ ನಡೆದದ್ದನ್ನೆಲ್ಲ ಹೇಳಿದಳು, ಮೈಕಿನಲ್ಲಿ ಓದಿದ್ದನ್ನೂ ಹೇಳಿದಳು. ಅವನು ಹೊಳೆಯ ಕಡೆ ತಿರುಗಿ, “ಆ ಮನುಷ್ಯಾ ಜೀವಂತ ಅದಾನಲ್ಲ, ಸಾಕು,” ಎಂದ.

ಇದು ಯಾವುದೂ ಈರಬಸಪ್ಪನಿಗೆ ಗೊತ್ತಿಲ್ಲ. ಅವನಿಗೆ ಆ ದಿನವೂ ಉತ್ತರ ಬರಲಿಲ್ಲ, ಆಮೇಲೂ ಬರಲಿಲ್ಲ. ಅವನು ಬರೆಯುತ್ತಲೇ ಇದ್ದಾನೆ.

ನೀತಿ: ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಕೇಳುವವರೇ ಇಲ್ಲ ಎಂದು ತೀರ್ಮಾನಿಸಬಾರದು. ದಿನದಿನದ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿದರೆ ತಪ್ಪಿಲ್ಲ. ಆದರೆ ಇನ್ನೊಬ್ಬರನ್ನು ಎಚ್ಚರಿಸುವ ಮಾತು ನಮ್ಮ ಬಾಯಲ್ಲಿದ್ದರೆ, ಯಾರೂ ಕೇಳದಿದ್ದರೂ ಅದನ್ನು ಹೇಳಲೇಬೇಕು.